ಬೇಲಿಯಲ್ಲಿ ಒಂದು ಸಂದು: ‘ಸಾಲ್ಟ್ ಆಫ್ ದಿ ಅರ್ತ್’ ತಯಾರಾದ ಬಗೆ

1951ರ ಜೂನ್‌ನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಒಂದು ನ್ಯಾಯಾಲಯ ತಡೆಯಾಜ್ಞೆ ಹೊರಡಿಸಿತು. ಗ್ರಾಂಟ್ ಕೌಂಟಿಯ ಹ್ಯಾನೋವರ್ ಎಂಬ ಪುಟ್ಟ ಊರಿನ ಸತುವಿನ ಗಣಿಯಲ್ಲಿ ಎಂಪೈರ್ ಜಿಂಕ್ ಕಂಪನಿಯ ಕಾರ್ಮಿಕರು ಮುಷ್ಕರ ಹೂಡಿ ಎಂಟು ತಿಂಗಳಾಗಿತ್ತು. ಅವರು ಇನ್ನು ಮುಂದೆ ಗಣಿಯ ದಾರಿಗೆ ಅಡ್ಡ ನಿಲ್ಲುವಂತಿಲ್ಲ, ನಿಂತರೆ ಜೈಲು ಎಂಬುದು ಆಜ್ಞೆಯ ಸಾರ. ಅದು ಕಟ್ಟಿಹಾಕಿದ್ದು ಮುಷ್ಕರ ಹೂಡಿದ ಕಾರ್ಮಿಕರನ್ನು. ಅವರ ಹೆಂಡತಿಯರ ಮಾತು ಅದರಲ್ಲಿ ಇರಲಿಲ್ಲ. ಹೆಂಗಸರು ಯೂನಿಯನ್ ಸದಸ್ಯರಲ್ಲ, ಕಂಪನಿಯ ನೌಕರರೂ ಅಲ್ಲ. ಮರುದಿನದಿಂದ ದಾರಿಯಲ್ಲಿ ಅವರೇ ನಿಂತರು.

ಎರಡು ವರ್ಷದ ನಂತರ ಇದೇ ಮುಷ್ಕರವನ್ನು ಕುರಿತ ಸಿನಿಮಾ ಮುಗಿಯದಂತೆ ಮಾಡುವುದು ಹೇಗೆ ಎಂದು ಹಾಲಿವುಡ್‌ನ ಒಬ್ಬ ಸ್ಟುಡಿಯೋ ಮಾಲೀಕ ಒಂದು ಪತ್ರ ಬರೆದ. ನ್ಯಾಯಾಧೀಶರು ಬಿಟ್ಟಿದ್ದಂಥ ಸಂದು ಆ ಪತ್ರದಲ್ಲಿ ಇರಲಿಲ್ಲ. ಸಿನಿಮಾ ಯಾರ್‍ಯಾರ ಕೈ ದಾಟಿ ತಯಾರಾಗುತ್ತದೆ ಎಂಬುದು ಬರೆದವನಿಗೆ ಚೆನ್ನಾಗಿ ಗೊತ್ತಿತ್ತು.

ದುಡಿಯುವ ಜನರ ಬಗ್ಗೆ ಸಿನಿಮಾ ಮಾಡಲು ಹೊರಟವರು ‘ಸಾಲ್ಟ್ ಆಫ್ ದಿ ಅರ್ತ್’ (1954) ಪ್ರಕರಣವನ್ನು ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಒಂದರಿಂದ ಚಿತ್ರದ ಕತೆ ಹುಟ್ಟಿತು. ಇನ್ನೊಂದು ಆ ಚಿತ್ರದ ಕತ್ತು ಹಿಸುಕಿತು.

ಮುಷ್ಕರ ಏಕೆ

ಮುಷ್ಕರ ಆರಂಭವಾದದ್ದು 1950ರ ಅಕ್ಟೋಬರ್‌ನಲ್ಲಿ, ಮುಗಿದದ್ದು 1952ರ ಜನವರಿಯಲ್ಲಿ. ಹದಿನೈದು ತಿಂಗಳು. ಕೆಲಸ ಬಿಟ್ಟವರು ಸುಮಾರು 140 ಜನ, ಹೆಚ್ಚಿನವರು ಮೆಕ್ಸಿಕನ್ ಮೂಲದ ಅಮೆರಿಕನ್ನರು. ಅವರ ಸಂಘ ಗಣಿ ಮತ್ತು ಲೋಹ ಕರಗಿಸುವ ಕಾರ್ಮಿಕರ ಒಕ್ಕೂಟದ 890ನೇ ಘಟಕ. ಕಮ್ಯುನಿಸ್ಟರ ಹಿಡಿತದಲ್ಲಿದೆ ಎಂಬ ಆರೋಪದ ಮೇಲೆ ಆ ಒಕ್ಕೂಟವನ್ನು 1950ರಲ್ಲೇ ಸಿಐಒ ಎಂಬ ರಾಷ್ಟ್ರಮಟ್ಟದ ಕಾರ್ಮಿಕ ಮಹಾಒಕ್ಕೂಟ ಹೊರಹಾಕಿತ್ತು. ಹಾಗಾಗಿ ದೊಡ್ಡ ಸಂಘಗಳ ಬೆಂಬಲ ಅವರಿಗೆ ಸಿಗುವಂತಿರಲಿಲ್ಲ.

ಬೇಡಿಕೆಗಳಲ್ಲಿ ಮುಖ್ಯವಾದದ್ದು ‘ಕಾಲರ್ ಟು ಕಾಲರ್’ ಸಂಬಳ. ಗಣಿ ಬಾವಿಯ ಬಾಯಿಗೆ ಕಾಲರ್ ಎನ್ನುತ್ತಾರೆ. ಕಾರ್ಮಿಕ ಆ ಬಾಯಿಯಿಂದ ಇಳಿದು, ಸುರಂಗದಲ್ಲಿ ಸಾಗಿ, ಕೆಲಸದ ಜಾಗ ಮುಟ್ಟುವ ತನಕದ ಸಮಯವನ್ನು ಕಂಪನಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇಳಿದ ಕ್ಷಣದಿಂದ ಹತ್ತಿ ಹೊರಬರುವ ತನಕ ಎಲ್ಲವೂ ಕೆಲಸವೇ, ಅಷ್ಟಕ್ಕೂ ಸಂಬಳ ಕೊಡಿ ಎಂದು ಕಾರ್ಮಿಕರು ಕೇಳಿದರು. ಸುತ್ತಲ ಗಣಿಗಳಲ್ಲಿ ಇದು ಆಗಲೇ ಇತ್ತು. ಇದಲ್ಲದೆ ವಸತಿಯ ಭೇದ ಬೇರೆ. ಬಿಳಿಯರ ಮನೆಗಳಿಗೆ ಇದ್ದ ನಲ್ಲಿ, ಒಳಚರಂಡಿ ಮೆಕ್ಸಿಕನ್ ಮೂಲದವರ ಕಂಪನಿ ಮನೆಗಳಿಗೆ ಇರಲಿಲ್ಲ.

ಚಿತ್ರಕಥೆಗಾರ ಮೊದಲ ನಿರ್ಧಾರ ತೆಗೆದುಕೊಂಡದ್ದು ಇಲ್ಲೇ. ಕಾಲರ್ ಟು ಕಾಲರ್ ಎಂಬುದು ನ್ಯಾಯವಾದ ಬೇಡಿಕೆ, ಆದರೆ ಅದನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಗಡಿಯಾರದ ಲೆಕ್ಕ ನೋಡುಗನ ಹೊಟ್ಟೆಗೆ ಇಳಿಯುವುದಿಲ್ಲ. ಚಿತ್ರದಲ್ಲಿ ಮುಷ್ಕರಕ್ಕೆ ಕಾರಣವಾಗುವುದು ಸುರಕ್ಷತೆ: ಸಿಡಿಮದ್ದು ಇಡುವಾಗ ಜೊತೆಗೊಬ್ಬ ಇರಬೇಕು, ಒಬ್ಬನನ್ನೇ ಕಳಿಸಬಾರದು. ಅಪಘಾತವಾಗುತ್ತದೆ, ಕೆಲಸ ನಿಲ್ಲುತ್ತದೆ. ಇದರ ಪಕ್ಕದಲ್ಲೇ ಹೆಂಗಸರ ಬೇಡಿಕೆ ಕಾದು ನಿಂತಿರುತ್ತದೆ: ಮನೆಗೆ ನೀರು, ಶೌಚ. ‘ಅದು ಆಮೇಲೆ’ ಎಂದು ಗಂಡಸರು ತಳ್ಳಿಹಾಕುತ್ತಾರೆ. ಎರಡು ಬೇಡಿಕೆ, ಅವುಗಳ ನಡುವೆ ಒಂದು ಜಗಳ. ಇಡೀ ಚಿತ್ರ ನಿಂತಿರುವುದು ಇಷ್ಟರ ಮೇಲೆ.

ಬರಹವನ್ನು ಊರಿಗೆ ಓದಿಸಿದ್ದು

ಚಿತ್ರ ಮಾಡಿದವರೆಲ್ಲ ಹಾಲಿವುಡ್‌ನಿಂದ ಹೊರದಬ್ಬಿಸಿಕೊಂಡವರು. ನಿರ್ದೇಶಕ ಹರ್ಬರ್ಟ್ ಬೀಬರ್‌ಮನ್ ಕಮ್ಯುನಿಸ್ಟ್ ನಂಟಿನ ಬಗ್ಗೆ ಸಂಸತ್ತಿನ ಸಮಿತಿ ಕೇಳಿದ ಪ್ರಶ್ನೆಗೆ ಉತ್ತರಿಸದೆ ಜೈಲಿಗೆ ಹೋಗಿಬಂದ ‘ಹಾಲಿವುಡ್ ಹತ್ತು’ ಮಂದಿಯಲ್ಲಿ ಒಬ್ಬ. ಚಿತ್ರಕಥೆ ಬರೆದ ಮೈಕೆಲ್ ವಿಲ್ಸನ್‌ಗೆ ‘ಎ ಪ್ಲೇಸ್ ಇನ್ ದ ಸನ್’ ಚಿತ್ರಕ್ಕೆ ಆಸ್ಕರ್ ಬಂದಿತ್ತು, ಕಮ್ಯುನಿಸ್ಟರೆಂದು ಶಂಕಿಸಿದವರಿಗೆ ಸ್ಟುಡಿಯೋಗಳು ಕೆಲಸ ಕೊಡದ ಕಪ್ಪುಪಟ್ಟಿಯೂ ಅದೇ ಕಾಲಕ್ಕೆ ಬಂತು. ನಿರ್ಮಾಪಕ ಪಾಲ್ ಜಾರಿಕೊನ ಕುಟುಂಬ 1951ರ ಬೇಸಿಗೆಯಲ್ಲಿ ನ್ಯೂ ಮೆಕ್ಸಿಕೋಗೆ ಬಂದಾಗ ಸಂಘದ ಕಾರ್ಯಕರ್ತ ಕ್ಲಿಂಟನ್ ಜೆಂಕ್ಸ್ ದಂಪತಿಯ ಪರಿಚಯವಾಯಿತು. ಜೆಂಕ್ಸ್ ದಂಪತಿಯ ಬಾಯಲ್ಲಿ ಹೆಂಗಸರು ಗಣಿಯ ದಾರಿಗೆ ಅಡ್ಡ ನಿಂತಿರುವ ಸುದ್ದಿ ಕೇಳಿದ್ದೇ ಈ ಚಿತ್ರದ ಬೀಜ. ಮುಷ್ಕರ ಇನ್ನೂ ನಡೆಯುತ್ತಿದ್ದಾಗಲೇ ವಿಲ್ಸನ್ ಅಲ್ಲಿಗೆ ಹೋಗಿ, ಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಕೂತು ಟಿಪ್ಪಣಿ ಮಾಡಿಕೊಂಡ.

ಇಷ್ಟನ್ನು ಯಾವ ಶ್ರದ್ಧೆಯುಳ್ಳ ಬರಹಗಾರನೂ ಮಾಡಿಯಾನು. ಮುಂದಿನ ಹೆಜ್ಜೆ ಅಪರೂಪದ್ದು. ಬರೆದದ್ದನ್ನು ಊರಿಗೇ ತಂದು, ಮುಷ್ಕರ ಮಾಡಿದವರ ಮುಂದೆ ಓದಿ, ತಿದ್ದಲು ಬಿಟ್ಟರು. ಆಕ್ಷೇಪಗಳು ಬಂದವು. ರಮೋನ್ ಎಂಬ ನಾಯಕ ಕೈಯಲ್ಲಿದ್ದ ಕೊನೆಯ ಕಾಸಿಗೆ ವಿಸ್ಕಿ ಕೊಳ್ಳುವ ದೃಶ್ಯ ಬೇಡ. ಅವನಿಗೊಂದು ಅಕ್ರಮ ಸಂಬಂಧ ಇರುವುದು ಬೇಡ. ಚೆಲ್ಲಿದ ಮದ್ಯವನ್ನು ಅವನ ಹೆಂಡತಿ ಎಸ್ಪೆರಾನ್ಸಾ ತನ್ನ ಲಂಗದ ಅಂಚಿನಿಂದ ಒರೆಸುವುದಂತೂ ಬೇಡವೇ ಬೇಡ. ವಿಲ್ಸನ್ ಮೂರನ್ನೂ ತೆಗೆದ.

ಈ ಮೂರೂ ತಿದ್ದುಪಡಿ ಒಂದೇ ಬಗೆಯವಲ್ಲ. ಕುಡಿತ ಮತ್ತು ಹಾದರ ನಿಜಜೀವನದಲ್ಲಿ ಇರುವುದೇ. ಅವನ್ನು ತೆಗೆದರೆ ಪಾತ್ರ ಸ್ವಲ್ಪ ತೊಳೆದಿಟ್ಟಂತೆ ಆಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಮೆಕ್ಸಿಕನ್ ಎಂದರೆ ಕುಡುಕ, ಸ್ತ್ರೀಲೋಲ ಎಂಬ ಅಚ್ಚನ್ನು ಹಾಲಿವುಡ್ ಎಷ್ಟೋ ವರ್ಷದಿಂದ ಒತ್ತುತ್ತಲೇ ಬಂದಿತ್ತು. ಅದೇ ಅಚ್ಚನ್ನು ತಮ್ಮ ಸಿನಿಮಾದಲ್ಲೂ ಕಾಣಲು ಅವರು ಒಪ್ಪಲಿಲ್ಲ. ಲಂಗದ ವಿಚಾರ ಇನ್ನೂ ಸೂಕ್ಷ್ಮ. ಬರಹಗಾರನ ಕಣ್ಣಿಗೆ ಅದು ಬಡತನದ ಗುರುತು. ಅಲ್ಲಿನ ಹೆಂಗಸಿಗೆ ಅದು ಗಲೀಜು. ಬಡವರ ಮನೆಯಲ್ಲಿ ಒರೆಸುವ ಬಟ್ಟೆ ಇರುವುದಿಲ್ಲ ಎಂದುಕೊಳ್ಳುವವನು ಬಡವರ ಮನೆಯೊಳಗೆ ಹೋಗಿಲ್ಲ ಎಂದೇ ಅರ್ಥ.

ಪಾತ್ರ ಹಂಚಿಕೆಯಲ್ಲೂ ಇದೇ ತಿದ್ದುಪಡಿ ನಡೆಯಿತು. ಎಸ್ಪೆರಾನ್ಸಾ ಪಾತ್ರಕ್ಕೆ ಮೊದಲು ಯೋಚಿಸಿದ್ದು ಬೀಬರ್‌ಮನ್‌ನ ಹೆಂಡತಿ, ಆಸ್ಕರ್ ಪಡೆದಿದ್ದ ಗೇಲ್ ಸೊಂಡರ್‌ಗಾರ್ಡ್ ಅವರನ್ನು. ಬಿಳಿಯ ನಟಿ ಮೆಕ್ಸಿಕನ್ ವೇಷ ಹಾಕುವುದು ಸರಿಯಲ್ಲ ಎನಿಸಿ ಮೆಕ್ಸಿಕೋದಿಂದ ರೊಸಾವುರಾ ರೆವುವೆಲ್ತಾಸ್ ಅವರನ್ನು ಕರೆಸಿದರು. ರಮೋನ್ ಆಗಿ ನಿಂತವನು ಸಂಘದ ಅಧ್ಯಕ್ಷ ಹುವಾನ್ ಚಕೋನ್. ಈತ ತೀರಾ ಮೆದು ಎಂದು ಬೀಬರ್‌ಮನ್ ಮೊದಲು ಹಿಂಜರಿದಿದ್ದ. ಷರೀಫ್ ಪಾತ್ರದ ವಿಲ್ ಗೀರ್ ಮತ್ತು ಬೆರಳೆಣಿಕೆಯ ವೃತ್ತಿನಟರನ್ನು ಬಿಟ್ಟರೆ ಮಿಕ್ಕವರೆಲ್ಲ ಗಣಿಯವರು, ಅವರ ಮನೆಯವರು. ಜೆಂಕ್ಸ್ ದಂಪತಿ ತಮ್ಮನ್ನೇ ಹೋಲುವ ಪಾತ್ರಗಳನ್ನು ಮಾಡಿದರು. ತಮಾಷೆಯೆಂದರೆ ಚಿತ್ರದಲ್ಲಿ ಪಳಗದ ನಟರಿಗಿಂತ ಪಳಗಿದ ಖಳರೇ ಹೆಚ್ಚು ಕೃತಕವಾಗಿ ಕಾಣುತ್ತಾರೆ. ಚಕೋನ್ ಸಂಭಾಷಣೆ ಒಪ್ಪಿಸುವಾಗ ತಡವರಿಸುತ್ತಾನೆ, ನಿಜ. ಆದರೆ ಸಭೆಯಲ್ಲಿ ಎದ್ದು ನಿಲ್ಲುವ ರೀತಿ, ಟೋಪಿ ಹಿಡಿದುಕೊಳ್ಳುವ ರೀತಿಯನ್ನು ಯಾವ ತರಬೇತಿ ಶಾಲೆಯೂ ಕಲಿಸಲಾರದು.

ಸಭೆಯ ದೃಶ್ಯ

ಚಿತ್ರದ ಹೃದಯ ಗೇಟಿನ ಮುಂದಿನ ಹೊಡೆದಾಟದಲ್ಲಿಲ್ಲ, ಸಂಘದ ಸಭಾಂಗಣದಲ್ಲಿದೆ. ತಡೆಯಾಜ್ಞೆ ಬಂದ ರಾತ್ರಿ. ಆಜ್ಞೆ ಪಾಲಿಸಿದರೆ ಬದಲಿ ಕಾರ್ಮಿಕರು ಒಳಗೆ ಹೋಗುತ್ತಾರೆ, ಮುಷ್ಕರ ಸತ್ತಂತೆ. ಮುರಿದರೆ ಎಲ್ಲರೂ ಜೈಲಿಗೆ, ಆಗಲೂ ಮುಷ್ಕರ ಸತ್ತಂತೆ. ಹೆಂಗಸೊಬ್ಬಳು ಎದ್ದು, ಆಜ್ಞೆಯಲ್ಲಿ ಬರೆದಿರುವುದು ಮುಷ್ಕರ ಹೂಡಿದ ಕಾರ್ಮಿಕರ ಬಗ್ಗೆ ಮಾತ್ರ, ನಾವು ನಿಲ್ಲುತ್ತೇವೆ ಎನ್ನುತ್ತಾಳೆ. ಗಂಡಸರಲ್ಲಿ ನಗು, ಗದ್ದಲ. ಹೆಂಗಸರ ಸೆರಗಿನ ಹಿಂದೆ ಅಡಗುವುದೇ ಎಂಬ ಮಾತು ಬರುತ್ತದೆ. ಆಮೇಲೆ ಪ್ರಶ್ನೆ ಮತದ ಕಡೆ ತಿರುಗುತ್ತದೆ. ಮಾಡಬೇಕಾದದ್ದು ಹೆಂಗಸರು, ತೀರ್ಮಾನಿಸುವುದು ಗಂಡಸರು ಮಾತ್ರವೇ ಎಂದು ಎಸ್ಪೆರಾನ್ಸಾ ಮೆಲುದನಿಯಲ್ಲಿ ಕೇಳುತ್ತಾಳೆ.

ಸಂಘದ ನಿಯಮದ ಪ್ರಕಾರ ಸದಸ್ಯರಲ್ಲದವರಿಗೆ ಮತವಿಲ್ಲ. ಅದಕ್ಕೆ ಹುಡುಕಿದ ದಾರಿ ಹೀಗೆ: ಸಂಘದ ಸಭೆಯನ್ನು ಅಲ್ಲಿಗೇ ಮುಂದೂಡಿ, ಅದೇ ಜಾಗದಲ್ಲಿ ಅದೇ ಜನರೊಂದಿಗೆ ಊರ ಸಭೆಯೊಂದನ್ನು ಕರೆಯುವುದು. ಊರ ಸಭೆಯಲ್ಲಿ ದೊಡ್ಡವರೆಲ್ಲರಿಗೂ ಮತವಿದೆ. ಕೈ ಎತ್ತುತ್ತಾರೆ, ಎಣಿಸುತ್ತಾರೆ, ಠರಾವು ಪಾಸಾಗುತ್ತದೆ.

ಸಭೆಯನ್ನು ಚಿತ್ರಿಸುವುದು ಬೇಸರದ ಕೆಲಸ ಎಂದು ಹೆಚ್ಚಿನ ನಿರ್ದೇಶಕರು ಭಾವಿಸುತ್ತಾರೆ. ಭಾಷಣದ ಒಂದು ತುಣುಕು, ಚಪ್ಪಾಳೆ, ಘೋಷಣೆ, ಅಲ್ಲಿಂದ ನೇರ ಬೀದಿಗೆ. ಆಗ ಮುಷ್ಕರ ಹವಾಮಾನದಂತೆ ಕಾಣುತ್ತದೆ, ತಾನಾಗಿ ಬಂದು ತಾನಾಗಿ ಹೋಗುತ್ತದೆ. ಇಲ್ಲಿ ಸೂಚನೆ, ಅನುಮೋದನೆ, ಕ್ರಿಯಾಲೋಪದ ಆಕ್ಷೇಪ, ಮತ ಎಲ್ಲವೂ ಇವೆ. ಅವೇ ಕುತೂಹಲವನ್ನೂ ಕಟ್ಟುತ್ತವೆ, ಯಾಕೆಂದರೆ ಪ್ರತಿಯೊಂದು ನಿಯಮದ ಹಿಂದೆಯೂ ಒಂದು ಮನೆಯ ಜಗಳವಿದೆ. ನ್ಯಾಯಾಲಯದ ಆಜ್ಞೆಯಲ್ಲಿ ಸಂದು ಹುಡುಕುವ ಬುದ್ಧಿ ತಮ್ಮದೇ ಸಂಘದ ನಿಯಮದಲ್ಲೂ ಸಂದು ಹುಡುಕುತ್ತದೆ. ಬರವಣಿಗೆಯ ದೃಷ್ಟಿಯಿಂದ ಇದಕ್ಕಿಂತ ಬಿಗಿಯಾದ ಗಂಟು ಇಡೀ ಚಿತ್ರದಲ್ಲಿ ಇಲ್ಲ.

ಇದಾದ ಮೇಲೆ ಬರುವ ಒಂದು ಚಿಕ್ಕ ದೃಶ್ಯವನ್ನೂ ಹತ್ತಿರದಿಂದ ನೋಡಬೇಕು. ಹೆಂಡತಿ ಜೈಲಿನಲ್ಲಿದ್ದಾಳೆ, ರಮೋನ್ ಬಟ್ಟೆ ಒಗೆದು ಹಗ್ಗಕ್ಕೆ ಹಾಕುತ್ತಿದ್ದಾನೆ. ಬೇಲಿಯಾಚೆ ಪಕ್ಕದ ಮನೆಯವನೂ ಅದನ್ನೇ ಮಾಡುತ್ತಿದ್ದಾನೆ. ಸೌದೆ ಒಡೆದು, ಒಲೆ ಹಚ್ಚಿ, ನೀರು ಕಾಯಿಸಿ ಬೆನ್ನು ಬಿದ್ದುಹೋಗಿರುವ ರಮೋನ್ ಗೊಣಗುತ್ತಾನೆ: ಮುಷ್ಕರ ಮುಗಿದರೂ ಮನೆಗೆ ಬಿಸಿನೀರಿನ ನಲ್ಲಿ ಬರುವ ತನಕ ನಾನು ಕೆಲಸಕ್ಕೆ ಹೋಗುವುದಿಲ್ಲ, ಇದನ್ನು ಮೊದಲಿನಿಂದಲೇ ಬೇಡಿಕೆಪಟ್ಟಿಯಲ್ಲಿ ಸೇರಿಸಬೇಕಿತ್ತು. ಚಿತ್ರದ ಆರಂಭದಲ್ಲಿ ಇದೇ ಸೌದೆಯನ್ನು ತುಂಬು ಬಸುರಿ ಎಸ್ಪೆರಾನ್ಸಾ ಒಡೆಯುವುದನ್ನು ನೋಡುಗ ಕಂಡಿದ್ದಾನೆ. ಕೊಡಲಿ ಅದೇ, ಕೈ ಮಾತ್ರ ಬೇರೆ. ವಾದ ಮಾಡದೆ ವಾದ ಗೆಲ್ಲುವ ಬಗೆ ಇದು. ಹೋಲಿಸಿದರೆ, ಜೈಲಿನ ದೃಶ್ಯಗಳಲ್ಲಿ ಸಂಗೀತ ತುಸು ಜೋರಾಯಿತು. ಮಗುವಿನ ಹಾಲಿಗಾಗಿ ಹೆಂಗಸರು ಕೂಗಿ ಕೂಗಿ ಪೊಲೀಸರ ತಲೆ ಕೆಡಿಸುವುದು ತಾನಾಗಿಯೇ ಸೊಗಸಾಗಿದೆ, ವಾದ್ಯಗಳ ಸಹಾಯ ಬೇಕಿರಲಿಲ್ಲ.

ಚಿತ್ರೀಕರಣ

ಬಂಡವಾಳ ಸುಮಾರು 2,50,000 ಡಾಲರ್. ಹಾಲಿವುಡ್‌ನ ತಂತ್ರಜ್ಞರ ಸಂಘದ ಮುಖಂಡ ರಾಯ್ ಬ್ರೂಯರ್ ತನ್ನ ಸದಸ್ಯರನ್ನು ಕೊಡಲು ಒಪ್ಪಲಿಲ್ಲ. ಕಪ್ಪುಪಟ್ಟಿಗೆ ಬಿದ್ದವರನ್ನೂ ಆ ಸಂಘ ಬಾಗಿಲು ತೆರೆಯದಿದ್ದ ಕರಿಯ ತಂತ್ರಜ್ಞರನ್ನೂ ಸೇರಿಸಿ ತಂಡ ಕಟ್ಟಿದರು. ಕಾರ್ಮಿಕರ ಬಗ್ಗೆ ಚಿತ್ರ ಮಾಡಲು ಕಾರ್ಮಿಕ ಸಂಘವೇ ತಡೆ. ಈ ಪ್ರಕರಣದ ಅತಿ ಕಹಿ ಗುಟುಕು ಇದು, ಮುಂದೆ ಮತ್ತೊಮ್ಮೆ ನುಂಗಬೇಕಾಗುತ್ತದೆ.

1953ರ ಜನವರಿಯಲ್ಲಿ ಸಿಲ್ವರ್ ಸಿಟಿಯ ಸುತ್ತಮುತ್ತ ಕೆಲಸ ಶುರುವಾಯಿತು. ಕಂಪನಿಯ ಗಣಿ ಸಿಗುವ ಪ್ರಶ್ನೆಯೇ ಇರಲಿಲ್ಲ. ಊರಿನ ಒಬ್ಬರ ಖಾಸಗಿ ಜಮೀನಿನಲ್ಲಿ ಗೇಟು, ದಾರಿ ಎಲ್ಲ ನಿಲ್ಲಿಸಿಕೊಂಡರು. ಫೆಬ್ರವರಿ 24ರಂದು ಕ್ಯಾಲಿಫೋರ್ನಿಯಾದ ಸಂಸದ ಡೊನಾಲ್ಡ್ ಜ್ಯಾಕ್ಸನ್ ಸಂಸತ್ತಿನಲ್ಲಿ ಎದ್ದು, ಇದು ರಷ್ಯಾಕ್ಕೆ ಸಿಗುವ ಹೊಸ ಅಸ್ತ್ರ ಎಂದ. ಅದೇ ವಾರ ವಲಸೆ ಅಧಿಕಾರಿಗಳು ರೆವುವೆಲ್ತಾಸ್ ಅವರನ್ನು ಬಂಧಿಸಿದರು. ಪಾಸ್‌ಪೋರ್ಟ್‌ನಲ್ಲಿ ಪ್ರವೇಶದ ಮುದ್ರೆ ಇಲ್ಲ ಎಂಬುದು ಕಾರಣ. ಕೊನೆಗೆ ಅವರು ಮೆಕ್ಸಿಕೋಗೆ ಮರಳಬೇಕಾಯಿತು. ಊರಿನಲ್ಲಿ ಗುಂಪುಗಳು ಚಿತ್ರತಂಡದವರ ಮೇಲೆ ಕೈಮಾಡಿದವು, ತಂಡ ಜಾಗ ಖಾಲಿ ಮಾಡಿತು.

ನಾಯಕಿ ಇಲ್ಲದೆ ಚಿತ್ರ ಮುಗಿಸುವುದು ಹೇಗೆ? ಮೂರು ಉಪಾಯ ಮಾಡಿದರು. ದೂರದ, ಬೆನ್ನು ತೋರುವ ಶಾಟ್‌ಗಳಿಗೆ ಬದಲಿ ಹೆಂಗಸನ್ನು ನಿಲ್ಲಿಸಿದರು. ಮುಖ ಕಾಣಲೇಬೇಕಾದ ಕೆಲವು ಶಾಟ್‌ಗಳನ್ನು ಮೆಕ್ಸಿಕೋದಲ್ಲಿ ಗುಟ್ಟಾಗಿ ತೆಗೆದರು. ನಿರೂಪಣೆಯ ಧ್ವನಿಯನ್ನೂ ಅಲ್ಲೇ ಮುದ್ರಿಸಿಕೊಂಡರು. ಮೂರನೆಯದು ನಿಜಕ್ಕೂ ಚಿತ್ರವನ್ನು ಉಳಿಸಿತು. ಕತೆಯನ್ನು ಎಸ್ಪೆರಾನ್ಸಾ ತಾನೇ ಹಿಂತಿರುಗಿ ನೋಡಿ ಹೇಳುವಂತೆ ಬರೆದಿದ್ದರಿಂದ, ಶಾಟ್ ಇಲ್ಲದ ಕಡೆ ಧ್ವನಿ ಸೇತುವೆಯಾಯಿತು. ಅಪಾಯವಿರುವ ಜಾಗದಲ್ಲಿ ಚಿತ್ರೀಕರಿಸುವವರಿಗೆ ಇದರಲ್ಲೊಂದು ನೇರ ಪಾಠವಿದೆ: ಮುಖ್ಯ ಪಾತ್ರದ ಹತ್ತಿರದ ಶಾಟ್‌ಗಳನ್ನು ಮೊದಲ ವಾರಗಳಲ್ಲೇ ಮುಗಿಸಿಕೊಳ್ಳಿ, ಗುಂಪಿನ ದೃಶ್ಯಗಳನ್ನು ಕೊನೆಗೆ ಇಡಿ. ಗುಂಪು ಊರಿನದು, ಅದನ್ನು ಯಾರೂ ಗಡೀಪಾರು ಮಾಡಲಾರರು.

ಎರಡನೆಯ ಕಾಗದ

ಈ ಚಿತ್ರವನ್ನು ನಿಲ್ಲಿಸುವುದು ಹೇಗೆ ಎಂದು ಜ್ಯಾಕ್ಸನ್ ಕೇಳಿದ್ದಕ್ಕೆ ಆರ್‌ಕೆಒ ಸ್ಟುಡಿಯೋದ ಹೊವಾರ್ಡ್ ಹ್ಯೂಸ್ 1953ರ ಮಾರ್ಚ್‌ನಲ್ಲಿ ಉತ್ತರ ಬರೆದ. ಸಿನಿಮಾ ತೆಗೆದ ಮಾತ್ರಕ್ಕೆ ಮುಗಿಯುವುದಿಲ್ಲ, ಕೆಲಸ ಇನ್ನೂ ಇದೆ, ಆ ಕೆಲಸ ಮಾಡುವವರು ಕೈ ಕಟ್ಟಿದರೆ ಸಾಕು ಎಂಬುದು ಅದರ ತಿರುಳು. ನಂತರ ಒಂದೊಂದಾಗಿ ಕೈಗಳನ್ನು ಹೆಸರಿಸಿದ: ನೆಗೆಟಿವ್ ತೊಳೆಯುವ ಲ್ಯಾಬ್‌ಗಳು, ಫಿಲ್ಮ್ ಮಾರುವವರು, ವಾದ್ಯಗಾರರು ಮತ್ತು ಧ್ವನಿಮುದ್ರಣದವರು, ಒಂದು ದೃಶ್ಯ ಇನ್ನೊಂದರಲ್ಲಿ ಕರಗುವ ಡಿಸಾಲ್ವ್, ಕತ್ತಲೆಗೆ ಜಾರುವ ಫೇಡ್ ಮಾಡಿಕೊಡುವ ತಂತ್ರಜ್ಞರು, ರೀ-ರೆಕಾರ್ಡಿಂಗ್ ಮತ್ತು ಡಬ್ಬಿಂಗ್ ಕೋಣೆಗಳ ಮಾಲೀಕರು, ನೆಗೆಟಿವ್ ಕತ್ತರಿಸುವವರು, ಬಿಡುಗಡೆಯ ಪ್ರಿಂಟ್ ಹಾಕುವ ಲ್ಯಾಬ್‌ಗಳು. ಫಿಲ್ಮ್ ಗಡಿ ದಾಟಿ ಬೇರೆ ದೇಶದಲ್ಲಿ ಪೂರ್ತಿಯಾಗದಂತೆಯೂ ನೋಡಿಕೊಳ್ಳಬೇಕು ಎಂದು ಸೇರಿಸಿದ.

ಸಿನಿಮಾ ಎಂಬುದು ಯಾರ ದುಡಿಮೆಯಿಂದ ಆಗುತ್ತದೆ ಎಂದು ತಿಳಿಯಲು ಈ ಪಟ್ಟಿಗಿಂತ ಸ್ಪಷ್ಟವಾದದ್ದು ಸಿಗುವುದು ಕಷ್ಟ. ಬರೆದದ್ದು ಮಾತ್ರ ಶತ್ರು.

ಪಟ್ಟಿ ಕೆಲಸ ಮಾಡಿತು. ಮೊದಲು ನೆಗೆಟಿವ್ ತೊಳೆದುಕೊಡುತ್ತಿದ್ದ ಲ್ಯಾಬ್ ಹಿಂದೆ ಸರಿಯಿತು. ಇದರ ಪೆಟ್ಟು ಎಷ್ಟು ಎಂದು ಡಿಜಿಟಲ್ ಕಾಲದವರಿಗೆ ತಟ್ಟನೆ ತಿಳಿಯದು. ತೊಳೆಯದ ಫಿಲ್ಮ್‌ನಲ್ಲಿ ಏನು ಬಿದ್ದಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಫೋಕಸ್ ತಪ್ಪಿದೆಯೇ, ಕ್ಯಾಮೆರಾದೊಳಗೆ ಫಿಲ್ಮ್ ಹಾಯುವ ಕಿಂಡಿಯಲ್ಲಿ ಕೂದಲು ಕೂತಿದೆಯೇ, ಗೀರು ಬಿದ್ದಿದೆಯೇ ಎಂಬುದೆಲ್ಲ ತೊಳೆದು ಹಾಕಿದ ಮೊದಲ ಪ್ರಿಂಟ್, ಅಂದರೆ ರಷಸ್, ನೋಡಿದಾಗಲೇ ತಿಳಿಯುವುದು. ತಿಳಿಯುವ ಹೊತ್ತಿಗೆ ಜಾಗವನ್ನೂ ನಟರನ್ನೂ ಬಿಟ್ಟು ಬಂದಿದ್ದರೆ ಮತ್ತೆ ತೆಗೆಯುವ ಅವಕಾಶವಿಲ್ಲ. ತೊಳೆಯದೆ ಇಟ್ಟಷ್ಟೂ, ಬಿಸಿ ತಗುಲಿದಷ್ಟೂ ಬಿಂಬ ಮಂಕಾಗುತ್ತದೆ. ಹಾಗಾಗಿ ಫಿಲ್ಮನ್ನು ಸಣ್ಣ ಸಣ್ಣ ಕಂತಿನಲ್ಲಿ, ಬೇರೆ ಹೆಸರಿನಲ್ಲಿ ಲ್ಯಾಬ್‌ಗಳಿಗೆ ಕಳಿಸಿ ತೊಳೆಸಿದರು. ಎಡಿಟಿಂಗ್ ಗುಟ್ಟಾಗಿ, ಜಾಗದಿಂದ ಜಾಗಕ್ಕೆ ಬದಲಾಯಿಸುತ್ತ ನಡೆಯಿತು. ಒಂದಷ್ಟು ಕಾಲ ಒಂದು ಹಳೆಯ ಚಿತ್ರಮಂದಿರದ ಹೆಂಗಸರ ಶೌಚಕೋಣೆಯೇ ಎಡಿಟಿಂಗ್ ಕೋಣೆಯಾಗಿತ್ತು. ಸೋಲ್ ಕಪ್ಲನ್ ಸಂಗೀತ ಬರೆದುಕೊಟ್ಟ. ಚಿತ್ರ 94 ನಿಮಿಷಕ್ಕೆ ಬಂದು ನಿಂತಿತು. ಕೆಲವು ಕಡೆ ಬೆಳಕು ಒಂದಕ್ಕೊಂದು ಕೂಡುವುದಿಲ್ಲ, ಕೆಲವು ಕಡೆ ತುಟಿಗೂ ಮಾತಿಗೂ ತಾಳವಿಲ್ಲ. ನಿರ್ದೇಶಕನ ಅಜಾಗರೂಕತೆ ಎಂದು ಅದನ್ನು ಬರೆದುಕೊಂಡವರು ಮೇಲಿನ ಪಟ್ಟಿಯನ್ನು ಓದಿರಲಾರರು.

ಇಷ್ಟಾದರೂ ಚಿತ್ರ ಮುಗಿಯಿತು. ತಯಾರಿಕೆಯ ಹಂತದಲ್ಲಿ ಸಂದು ಸಿಕ್ಕಿತು, ಯಾಕೆಂದರೆ ಫಿಲ್ಮನ್ನು ಬಚ್ಚಿಡಬಹುದು. ಪ್ರದರ್ಶನದಲ್ಲಿ ಸಿಗಲಿಲ್ಲ. ಚಿತ್ರಮಂದಿರವನ್ನು ಬಚ್ಚಿಡಲು ಆಗುವುದಿಲ್ಲವಲ್ಲ. 1954ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಗ್ರಾಂಡೆ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಬೇರೆ ಊರುಗಳಲ್ಲಿ ಒಪ್ಪಿಕೊಂಡ ಮಾಲೀಕರು ಹಿಂದೆಗೆದರು, ಪತ್ರಿಕೆಗಳು ಜಾಹೀರಾತು ನಿರಾಕರಿಸಿದವು. ಪ್ರೊಜೆಕ್ಟರ್ ಆಪರೇಟರುಗಳು ಬ್ರೂಯರ್‌ನ ಸಂಘಕ್ಕೇ ಸೇರಿದವರು, ಅವರು ರೀಲು ಹಾಕಲು ಒಪ್ಪಲಿಲ್ಲ. ಅಮೆರಿಕದಲ್ಲಿ ಆ ಸುತ್ತಿನಲ್ಲಿ ಚಿತ್ರ ಕಂಡ ಮಂದಿರಗಳು ಹದಿಮೂರು. ಅದೇ ವರ್ಷ ಚೆಕೊಸ್ಲೊವಾಕಿಯಾದ ಕಾರ್ಲೊವಿ ವಾರಿ ಚಿತ್ರೋತ್ಸವದಲ್ಲಿ ರೆವುವೆಲ್ತಾಸ್‌ಗೆ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಸ್ಟುಡಿಯೋಗಳೂ ಸಂಘವೂ ಕೂಡಿ ವ್ಯಾಪಾರ ತಡೆದವು ಎಂದು ನಿರ್ಮಾಣ ಸಂಸ್ಥೆ ಹೂಡಿದ ದಾವೆಯ ವಿಚಾರಣೆ 1964ರಲ್ಲಿ ನಡೆಯಿತು. ಹತ್ತು ವಾರಗಳ ನಂತರ ಜ್ಯೂರಿ ಪ್ರತಿವಾದಿಗಳ ಪರ ತೀರ್ಪು ಕೊಟ್ಟಿತು. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಇಲ್ಲ ಎಂದದ್ದು ಕಣ್ಣಿಗೆ ಕಾಣುತ್ತದೆ. ಅವರೆಲ್ಲ ಮೊದಲೇ ಕೂಡಿ ಮಾತಾಡಿಕೊಂಡು ‘ಇಲ್ಲ’ ಎಂದರು ಎಂಬುದನ್ನು ಸಾಬೀತುಪಡಿಸಬೇಕಾದವರು ಕಳೆದುಕೊಂಡವರು. ಹ್ಯೂಸ್‌ನ ಪತ್ರ ಯಾರಿಗೂ ಹೊಡೆಯಿರಿ, ಸುಡಿರಿ ಎಂದು ಹೇಳಿರಲಿಲ್ಲ. ಕೆಲಸ ಮಾಡಬೇಡಿ ಎಂದಷ್ಟೇ ಹೇಳಿತ್ತು.

ತೋರಿಸುವವರಿಗೆ

ಚಿತ್ರದ ಹಕ್ಕುಸ್ವಾಮ್ಯವನ್ನು 1982ರಲ್ಲಿ ನವೀಕರಿಸಬೇಕಿತ್ತು, ಯಾರೂ ನವೀಕರಿಸಲಿಲ್ಲ. ಹಾಗಾಗಿ ಅಮೆರಿಕದಲ್ಲಿ ಚಿತ್ರ ಈಗ ಸಾರ್ವಜನಿಕ ಸ್ವತ್ತು. 1992ರಲ್ಲಿ ಉಳಿಸಿಕೊಳ್ಳಬೇಕಾದ ಚಿತ್ರಗಳ ಅಲ್ಲಿನ ರಾಷ್ಟ್ರೀಯ ಪಟ್ಟಿಗೂ ಸೇರಿತು. ಹಕ್ಕು ಯಾರ ಕೈಯಲ್ಲೂ ಇಲ್ಲದ್ದರಿಂದ ಕೆಟ್ಟ ಪ್ರತಿಗಳೇ ಹೆಚ್ಚು ಓಡಾಡುತ್ತವೆ: ರಾತ್ರಿಯ ದೃಶ್ಯಗಳು ಮಸಿಯಂತೆ ಕಪ್ಪು, ಧ್ವನಿಯಲ್ಲಿ ಸಿಳ್ಳು. ಪ್ರದರ್ಶನಕ್ಕೆ ಮುಂಚೆ ಎರಡು ಕಡೆ ಪರೀಕ್ಷಿಸಿ. ಸಭೆಯ ದೃಶ್ಯದಲ್ಲಿ ಹಿಂದಿನ ಸಾಲಿನ ಹೆಂಗಸರ ಮುಖ ಕಾಣಬೇಕು, ಜೈಲಿನ ಕೂಗಿನಲ್ಲಿ ಸ್ಪ್ಯಾನಿಷ್ ಪದಗಳು ಬಿಡಿಬಿಡಿಯಾಗಿ ಕೇಳಬೇಕು. ಎರಡೂ ಇಲ್ಲದ ಪ್ರತಿಯಾದರೆ ಬೇರೆಯದನ್ನು ಹುಡುಕಿ.

ಚರ್ಚೆಗೆಂದು ಚಿತ್ರವನ್ನು ನಡುವೆ ನಿಲ್ಲಿಸುವುದಾದರೆ ಸಭೆಯಲ್ಲಿ ಕೈ ಎತ್ತುವ ಮೊದಲು ನಿಲ್ಲಿಸಿ, ಕೋಣೆಯಲ್ಲಿರುವವರನ್ನೇ ಮತ ಹಾಕಲು ಕೇಳಿ. ಗಂಡಸರ ಕೈಗಳನ್ನೂ ಹೆಂಗಸರ ಕೈಗಳನ್ನೂ ಬೇರೆಬೇರೆ ಎಣಿಸಿ.